ವಿಯೆನ್ನಾದಲ್ಲಿ ಕಲ್ಸೋ ಪಾಠ ಉಳ್ಳಾರ್ತಿ ಕಾವಲಿನ ಬೇಲಿ ಪಕ್ಕದೋರಿಗೂ ಕಲ್ಸಿ: ಪರಮಾಣು ಶಕ್ತಿ ಆಯೋಗಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಪರಮಾಣು ಶಕ್ತಿ ಆಯೋಗ, ಅಣುಶಕ್ತಿ ಭವನ, ಮುಂಬೈ.
ಹಾಗೇ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲಾಡಳಿತಗಳ ಗಮನಕ್ಕೆ.

ವಿಷಯ: ಅಣು ಘಟಕಗಳ ಭದ್ರತೆ ಬಗ್ಗೆ ದೇಶ ವಿದೇಶದವ್ರಿಗೆ ಕೊಡೋ ಟ್ರೈನಿಂಗನ್ನ ನಮ್ಮ ಕಡೆ ಪೊಲೀಸ್, ಆಸ್ಪತ್ರೆ, ಪಂಚಾಯ್ತಿ, ಗುಜರಿ ಅಂಗಡಿ ತನಕ ತರೋ ಕುರಿತು.

ಮಾನ್ಯರೇ,

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ರೇಡಿಯೋಥೆರಪಿ ಟೆಕ್ನಾಲಜಿಸ್ಟ್, ಅಂದ್ರೆ ಕ್ಯಾನ್ಸರ್ ಪೇಷಂಟ್‌ಗಳಿಗೆ ಕರೆಂಟ್ ಕೊಡೋದು ಅಂತ ಜನ ಏನ್ ಹೇಳ್ತಾರೋ ಆ ಕೆಲಸ. ಊರು ಚಳ್ಳಕೆರೆ ತಾಲೂಕು. ಹಂಗಾಗಿ ವಿಕಿರಣ ಅನ್ನೋದು ನನಗೆ ಹೊಟ್ಟೆಪಾಡು ಕೂಡ, ಊರ ಪಕ್ಕದ ವಿಚಾರ ಕೂಡ. ಮೊದ್ಲೇ ಹೇಳ್ಬಿಡ್ತೀನಿ, ಇದು ಅಣುಶಕ್ತಿ ಬೇಡ ಅನ್ನೋ ಪತ್ರ ಅಲ್ಲ. ಅಮೃತ್ ಮಹಲ್ ಕಾವಲಿನ, ಅಂದ್ರೆ ನಮ್ಮ ಹುಲ್ಲುಗಾವಲಿನ, ಜಮೀನು ಹೋದ ಬಗ್ಗೆಯೂ ಅಲ್ಲ, ಅದು ಹಸಿರು ನ್ಯಾಯಮಂಡಳಿ ತನಕ ಹೋಗಿ 2014ರಲ್ಲಿ ತೀರ್ಪೂ ಆಯ್ತು, ಆ ನೋವು ನಮ್ಮ ಕಡೆ ಕುರಿ ಸಾಕೋರಿಗೆ ಇನ್ನೂ ಐತೆ, ಆದ್ರೆ ಇವತ್ತು ಕೇಳ್ತಿರೋದೇ ಬೇರೆ.

ಕೇಳ್ತಿರೋದು ಟ್ರೈನಿಂಗ್ ಬಗ್ಗೆ.

ನಮ್ಮ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಬಾರ್ಕ್‌ಗೆ, ಅಂದ್ರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, 1,810 ಎಕರೆ ಕೊಟ್ಟಿದ್ದಾರೆ, ಅಲ್ಲಿ ಯುರೇನಿಯಂ ಎನ್ರಿಚ್ ಮಾಡೋ, ಅಂದ್ರೆ ಅದರಲ್ಲಿ ಶಕ್ತಿ ಕೊಡೋ ಭಾಗದ ಪ್ರಮಾಣ ಹೆಚ್ಚಿಸೋ ಘಟಕ ಅಂತ ನಿಮ್ಮ ಇಲಾಖೆಯವ್ರೇ ಹಿಂದೆ ಹೇಳಿದ್ದು, ಪೇಪರ್‌ನಲ್ಲೆಲ್ಲಾ ಬಂದಿದ್ದು, ಗುಟ್ಟೇನಲ್ಲ. ಅಕ್ಕಪಕ್ಕ ಡಿಆರ್‌ಡಿಓ ಇದೆ, ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆ, ಇಸ್ರೋಗೂ ಜಾಗ ಕೊಟ್ಟಾಗಿದೆ. ಇಷ್ಟೆಲ್ಲಾ ಇರೋ ತಾಲೂಕಲ್ಲಿ ಕಾಂಪೌಂಡ್ ಆಚೆ ಇರೋ ಜನಕ್ಕೆ, ಮೊದ್ಲು ಓಡಿ ಬರ್ಬೇಕಾದ ಪೊಲೀಸರಿಗೆ, ಆಂಬುಲೆನ್ಸ್ ಹುಡುಗ್ರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಏನಾದ್ರೂ ಗೊತ್ತಾ ಅಂತ ನಾನೇ ಊರಿಗೆ ಹೋದಾಗೆಲ್ಲ ಒಬ್ಬೊಬ್ಬರನ್ನ ಕೇಳ್ತಾ ಬಂದೆ. ನಾನು ಕೇಳಿದೋರಲ್ಲಿ ಒಬ್ಬರಿಗೂ ಒಂದು ದಿನದ ಟ್ರೈನಿಂಗ್ ಆಗಿಲ್ಲ ಸರ್.

ಈಗ ಇನ್ನೊಂದು ಕಡೆ ನೋಡಿ. 2010ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಅಣು ಭದ್ರತಾ ಶೃಂಗಸಭೆ ಆಯ್ತು, ಅಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅವ್ರು ಭಾರತ ಒಂದು ಜಾಗತಿಕ ಅಣುಶಕ್ತಿ ಸಹಭಾಗಿತ್ವ ಕೇಂದ್ರ ಕಟ್ಟುತ್ತೆ ಅಂತ ಘೋಷಣೆ ಮಾಡಿದ್ರು. ಅದೇ ಹರಿಯಾಣದ ಬಹದ್ದೂರ್‌ಗಢ ಹತ್ರ ಇರೋ ನಿಮ್ಮ ಜಿಸಿನೆಪ್, 2014ರ ಜನವರಿಯಲ್ಲಿ ಅಡಿಗಲ್ಲು ಹಾಕಿದ್ದು. ಅದರಲ್ಲಿ ಐದು ಸ್ಕೂಲ್, ಒಂದು ಪೂರ್ತಿ ಅಣು ಭದ್ರತೆಗೇ ಮೀಸಲು. ಅಮೆರಿಕದ ಜೊತೆ ಒಪ್ಪಂದ ಇದೆ, ವಿಯೆನ್ನಾದ ಐಎಇಎ, ಅಂದ್ರೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಜೊತೆ ಇದೆ, 2017ರಲ್ಲಿ ಬಾಂಗ್ಲಾದೇಶದ ಅಣುಶಕ್ತಿ ಆಯೋಗದ ಜೊತೆನೂ ಸಹಿ ಆಯ್ತು. ಐಎಇಎ ಅಂತೂ 2023ರ ಅಕ್ಟೋಬರ್‌ನಲ್ಲಿ ವಿಯೆನ್ನಾ ಪಕ್ಕದ ಸೈಬರ್ಸ್‌ಡಾರ್ಫ್‌ನಲ್ಲಿ ಭದ್ರತೆ ಟ್ರೈನಿಂಗಿಗೆ ಅಂತಾನೇ ದೊಡ್ಡ ಸೆಂಟರ್ ತೆಗೆದಿದೆ, ಬೇಲಿ, ಕ್ಯಾಮೆರಾ, ಗಡಿಯಲ್ಲಿ ವಿಕಿರಣ ಪತ್ತೆ ಮಾಡೋ ಉಪಕರಣ, ಕಂಪ್ಯೂಟರ್ ಭದ್ರತೆ ಎಲ್ಲಾ ಕೈಯಾರೆ ಮಾಡಿ ಕಲಿಯೋ ಥರ. ಜಪಾನ್, ಕೊರಿಯಾ, ಚೀನಾ, ಪಾಕಿಸ್ತಾನ ಎಲ್ರೂ ತಮ್ಮದೊಂದು ಸೆಂಟರ್ ಮಾಡ್ಕೊಂಡಿದ್ದಾರೆ. ಇದೆಲ್ಲ ಒಳ್ಳೇದೇ, ಬೇಕಾದ್ದೇ, ಒಂದು ದೇಶದಲ್ಲಿ ಕಳುವಾದ ಮಾಲು ಇನ್ನೊಂದು ದೇಶದಲ್ಲಿ ಸಿಗೋ ಕಾಲದಲ್ಲಿ ಒಬ್ಬೊಬ್ಬರೇ ಕಲೀತಾ ಕೂತ್ರೆ ಆಗಲ್ಲ.

ಆದ್ರೆ ಅದೇ 2010ರ ಏಪ್ರಿಲ್‌ನಲ್ಲೇ, ಅಲ್ಲಿ ವಾಷಿಂಗ್ಟನ್‌ನಲ್ಲಿ ಘೋಷಣೆ ಆಗ್ತಿರೋ ದಿನಗಳಲ್ಲೇ, ಇಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರ್ಕೆಟ್‌ನಲ್ಲಿ ಏನಾಯ್ತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವರ್ಷಾನುಗಟ್ಟಲೆ ಬಳಸದೆ ಬಿದ್ದಿದ್ದ ಒಂದು ಹಳೇ ಗಾಮಾ ಯಂತ್ರ ದೆಹಲಿ ವಿಶ್ವವಿದ್ಯಾಲಯದಿಂದ ಹರಾಜಲ್ಲಿ ಗುಜರಿಗೆ ಹೋಯ್ತು, ಒಳಗಿದ್ದ ಕೋಬಾಲ್ಟ್-60 ಅನ್ನೋ ವಿಕಿರಣ ವಸ್ತು ಬಿಚ್ಚಿ ಹಾಕಿದ್ರು, ಕೆಲವರು ಆಸ್ಪತ್ರೆ ಸೇರಿದ್ರು, ಒಬ್ಬ ಕೂಲಿ ಸತ್ತ. ಅಲ್ಲಿ ಟೆರರಿಸ್ಟ್ ಯಾರೂ ಇರ್ಲಿಲ್ಲ. ಗೊತ್ತಿಲ್ಲದ ಜನ ಇದ್ರು ಅಷ್ಟೇ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲೂ ಅಷ್ಟೇ ಅಲ್ವಾ, ಬಿಟ್ಟು ಹೋದ ಕ್ಲಿನಿಕ್ಕಿಂದ ಇಬ್ಬರು ಸೀಸಿಯಂ ಸೋರ್ಸ್ (ವಿಕಿರಣ ಸೂಸೋ ವಸ್ತು) ಇದ್ದ ಯಂತ್ರದ ತಲೆ ಹೊತ್ಕೊಂಡು ಬಂದು ಗುಜರಿಗೆ ಮಾರಿದ್ರು, ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತೆ ಅಂತ ಮನೆಮಂದಿಗೆಲ್ಲಾ ಹಂಚಿದ್ರು, ನಾಲ್ಕು ಜನ ಸತ್ರು, ಲಕ್ಷಕ್ಕೂ ಹೆಚ್ಚು ಜನರನ್ನ ಸ್ಟೇಡಿಯಂನಲ್ಲಿ ನಿಲ್ಲಿಸಿ ತಪಾಸಣೆ ಮಾಡ್ಬೇಕಾಯ್ತು. ನಮ್ಮ ಕೋರ್ಸ್‌ನಲ್ಲಿ ಇದನ್ನ ಓದ್ದೇ ಪಾಸಾದೋರು ಯಾರೂ ಇಲ್ಲ. ಆದ್ರೆ ದಾವಣಗೆರೆಯಲ್ಲಿ ಹಳೇ ಮಿಲ್‌ಗಳು ಮುಚ್ಚಿದ ಮೇಲೆ ಎಷ್ಟು ಕಬ್ಬಿಣ ಗುಜರಿಗೆ ಹೋಗಿದೆ, ಈಗಲೂ ಎಷ್ಟು ಗುಜರಿ ಅಂಗಡಿ ಇದಾವೆ, ಅಲ್ಲಿ ಕೂತಿರೋ ಒಬ್ಬರಿಗಾದ್ರೂ ವಿಕಿರಣ ಇದೆ ಅಂತ ಎಚ್ಚರಿಸೋ ಮೂರು ರೆಕ್ಕೆಯ ಆ ಗುರುತು ತೋರಿಸಿ ಇದು ಕಂಡ್ರೆ ಮುಟ್ಬೇಡಿ, ಇಂಥ ನಂಬರ್‌ಗೆ ಫೋನ್ ಮಾಡಿ ಅಂತ ಯಾರಾದ್ರೂ ಹೇಳಿದ್ದಾರಾ? ನಾನು ಎರಡು ಮೂರು ಅಂಗಡಿಯಲ್ಲಿ ಮೊಬೈಲ್‌ನಲ್ಲಿ ಆ ಗುರುತು ತೋರಿಸಿ ಕೇಳಿದೆ. ಒಬ್ಬರು ಫ್ಯಾನ್ ಕಂಪನಿದಾ ಅಂದ್ರು.

ನಾನು ಕಣ್ಣಾರೆ ಕಂಡಿದ್ದನ್ನ ಹೇಳ್ತೀನಿ. ನಾವು ಟ್ರೀಟ್‌ಮೆಂಟ್‌ಗೆ ಬಳಸೋ ಇರಿಡಿಯಂ-192 ಸೋರ್ಸ್‌ಗೆ 74 ದಿನಕ್ಕೆ ಶಕ್ತಿ ಅರ್ಧ ಆಗಿಬಿಡುತ್ತೆ, ಹಂಗಾಗಿ ವರ್ಷದಲ್ಲಿ ಕೆಲವು ಸಲ ಹೊಸದು ತರಿಸಲೇಬೇಕು. ಹಳದಿ ಲೇಬಲ್ ಅಂಟಿಸಿದ ಒಂದು ಡ್ರಮ್ ಬರುತ್ತೆ. ಒಂದು ಸಲ ನಮ್ಮ ಆರ್‌ಎಸ್‌ಓ, ಅಂದ್ರೆ ವಿಕಿರಣ ಸುರಕ್ಷತಾ ಅಧಿಕಾರಿ, ಸೋರ್ಸ್ ಬರೋ ವಿಷ್ಯ ಬರೆದು ತಿಳಿಸಿದ್ದಕ್ಕೆ ಒಬ್ಬರು ಕಾನ್‌ಸ್ಟೇಬಲ್ ಬಂದ್ರು, ಒಳ್ಳೇ ಮನುಷ್ಯ, ವಯಸ್ಸಲ್ಲಿ ನನಗಿಂತ ಚಿಕ್ಕೋರು. ಬಂದೋರೇ ಆ ಡ್ರಮ್ ಮೇಲೇ ರಿಜಿಸ್ಟರ್ ಇಟ್ಕೊಂಡು, ಅದಕ್ಕೇ ಒರಗಿ ನಿಂತು ಬರ್ಕೊಳ್ಳೋಕೆ ಶುರು ಮಾಡಿದ್ರು. ಬರೀತಾ ಬರೀತಾ "ಸರ್, ಇದು ಒಡೆದ್ರೆ ದಾವಣಗೆರೆ ಪೂರ್ತಿ ಹೋಗುತ್ತಂತಲ್ಲ, ಹೌದಾ?" ಅಂದ್ರು. ನೋಡಿ, ಊರೇ ಹೋಗುತ್ತೆ ಅನ್ನೋ ಭಯನೂ ಅವ್ರಿಗೇ, ಅದಕ್ಕೇ ಒರಗಿ ನಿಲ್ಲೋ ಧೈರ್ಯನೂ ಅವ್ರಿಗೇ, ಎರಡೂ ತಪ್ಪು. ಆಮೇಲೆ ನಾನು ವಿಕಿರಣ ಅಳೆಯೋ ಸರ್ವೆ ಮೀಟರ್ ಕೈಗೆ ಕೊಟ್ಟೆ. ಡ್ರಮ್‌ಗೆ ತಾಗಿಸಿ ಹಿಡೀರಿ ಅಂದೆ, ಮುಳ್ಳು ಮೇಲೆ ಹೋಯ್ತು, ಒಂದು ಹೆಜ್ಜೆ ಹಿಂದೆ ಬನ್ನಿ ಅಂದೆ, ಇಳೀತು, ಇನ್ನೆರಡು ಹೆಜ್ಜೆ ಬಂದ್ರು, ಮುಳ್ಳು ಪೂರ್ತಿ ಕೆಳಗೆ ಬಂತು. "ಓ, ದೂರ ನಿಂತ್ರೆ ಆಯ್ತು, ಕಮ್ಮಿ ಹೊತ್ತು ನಿಂತ್ರೆ ಆಯ್ತು, ಓಡಿಹೋಗೋದೇನ್ ಬೇಕಿಲ್ಲ" ಅಂತ ಅವ್ರೇ ಹೇಳಿದ್ರು. ಹತ್ತು ನಿಮಿಷದ ಪಾಠ ಅಷ್ಟೇ. ಆಮೇಲೆ ಅವ್ರು ವರ್ಗ ಆಗಿ ಹೋದ್ರು, ಮುಂದಿನ ಸಲ ಬಂದೋರಿಗೆ ಮತ್ತೆ ಮೊದಲಿಂದ.

ನಿಮ್ಮ ಟ್ರೈನಿಂಗ್ ವ್ಯವಸ್ಥೆಯಲ್ಲೂ ಇದೇ ಸಮಸ್ಯೆ ಇದೆ ಅಂತ ನನ್ನ ಅನಿಸಿಕೆ. ದೊಡ್ಡ ಅಧಿಕಾರಿಗಳು ಎರಡು ವಾರ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಂಡು ಬರ್ತಾರೆ, ಮುಂದಿನ ವರ್ಷ ಬೇರೆ ಇಲಾಖೆಗೆ ಹೋಗ್ತಾರೆ, ಕಲಿತಿದ್ದು ಅವ್ರ ಜೊತೆನೇ ಹೋಗುತ್ತೆ. ಕುರ್ಚಿಯಲ್ಲಿ ಉಳಿಯೋದು ಫೈಲ್ ಮಾತ್ರ.

ಭದ್ರತೆ ಅಂದ್ರೆ ಗನ್ನು, ಗೋಡೆ, ಕ್ಯಾಮೆರಾ ಅಂತ ತಿಳ್ಕೊಂಡೋರಿಗೆ ಅಮೆರಿಕದ ವೈ-12 ಘಟಕದ ಕಥೆ ಸಾಕು. 2012ರ ಜುಲೈನಲ್ಲಿ ಟೆನ್ನೆಸಿಯ ಓಕ್‌ರಿಡ್ಜ್‌ನಲ್ಲಿ, ಎನ್ರಿಚ್ ಆದ ಯುರೇನಿಯಂ ಇಟ್ಟಿರೋ ಜಾಗದಲ್ಲಿ, 82 ವರ್ಷದ ಒಬ್ಬ ಕ್ರೈಸ್ತ ಸನ್ಯಾಸಿನಿ ಇನ್ನಿಬ್ಬರ ಜೊತೆ ಬೇಲಿ ಕತ್ತರಿಸ್ಕೊಂಡು ಒಳಗೆ ಹೋಗಿ ಗೋಡೆ ಮೇಲೆ ಶಾಂತಿ ಘೋಷಣೆ ಬರೆದ್ರು. ಅಷ್ಟು ದುಡ್ಡು ಸುರಿದ ಜಾಗ ಅದು. ಅಲಾರಾಂ ಸುಮ್ಮಸುಮ್ನೆ ಹೊಡ್ಕೊಂಡು ಹೊಡ್ಕೊಂಡು ಕಾವಲಿನೋರಿಗೆ ಅಭ್ಯಾಸ ಆಗ್ಬಿಟ್ಟಿತ್ತು, ಕ್ಯಾಮೆರಾ ಕೆಟ್ಟು ರಿಪೇರಿ ಆಗಿರ್ಲಿಲ್ಲ. ಇನ್ನು ಒಳಗಿನೋರೇ ಕೈ ಕೊಟ್ರೆ? ನಮ್ಮದೇ ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ಕುಡಿಯೋ ನೀರಿನ ಕೂಲರ್‌ಗೆ ಟ್ರಿಟಿಯಂ ಅನ್ನೋ ವಿಕಿರಣ ವಸ್ತು ಇದ್ದ ಭಾರಜಲ ಬೆರೆಸಿದ್ದು ಹೊರಗಿಂದ ಗೋಡೆ ಹಾರಿ ಬಂದೋರಲ್ಲ, ಒಳಗಿನೋರದ್ದೇ ಕೆಲಸ ಅಂತ ಆಗಿನ ಅಧಿಕಾರಿಗಳೇ ಹೇಳಿದ್ರು, ಅದು ಬಯಲಾಗಿದ್ದೂ ಕ್ಯಾಮೆರಾದಿಂದ ಅಲ್ಲ, ನೌಕರರ ಮೂತ್ರ ಪರೀಕ್ಷೆಯಿಂದ. ಬೆಲ್ಜಿಯಂನ ಡೂಲ್‌ನಲ್ಲಿ 2014ರಲ್ಲಿ ಟರ್ಬೈನ್ ಎಣ್ಣೆ ಬೇಕಂತಲೇ ಖಾಲಿ ಮಾಡಿದ್ರು, ಸ್ಥಾವರ ತಿಂಗಳುಗಟ್ಟಲೆ ನಿಂತೋಯ್ತು. 2019ರಲ್ಲಿ ಕೂಡಂಕುಳಂನ ಆಡಳಿತ ವಿಭಾಗದ ಕಂಪ್ಯೂಟರ್‌ಗೆ ಮಾಲ್‌ವೇರ್ ಹೊಕ್ಕಿದ್ದೂ ಗೊತ್ತಿರೋದೇ, ಮೊದ್ಲು ಇಲ್ಲ ಅಂದ್ರು, ಮಾರನೇ ದಿನ ಹೌದು ಅಂದ್ರು. ಇದರಲ್ಲೆಲ್ಲಾ ಗೋಡೆ, ಬೇಲಿ ಇದ್ದೇ ಇತ್ತು, ಜನ ಕೈಕೊಟ್ಟಿದ್ದು ಅಥವಾ ಜನರ ಗಮನ ತಪ್ಪಿದ್ದು. ಐಎಇಎ ಇದನ್ನೇ ಭದ್ರತಾ ಸಂಸ್ಕೃತಿ ಅಂತ ಕರೆದು 2008ರಲ್ಲೇ ಪುಸ್ತಕ ಮಾಡಿದೆ, ನಿಮ್ಮ ಜಿಸಿನೆಪ್‌ನಲ್ಲೂ ಅದು ಪಾಠ ಇರ್ಲೇಬೇಕು.

ಆ ಸಂಸ್ಕೃತಿ ಗೇಟಿನ ಒಳಗಷ್ಟೇ ಇದ್ರೆ ಸಾಕಾ? ನಮ್ಮ ಚಿಕ್ಕಪ್ಪ ಈಗಲೂ ಕುರಿ ಕಾಯ್ತಾರೆ, ಕಾವಲಲ್ಲಿ ಎದ್ದಿರೋ ಕಾಂಪೌಂಡುಗಳ ಪಕ್ಕದಲ್ಲೇ ದಿನಾ ಓಡಾಟ, ಯಾವ ಗೋಡೆ ಯಾವ ಸಂಸ್ಥೆದು ಅಂತನೂ ಅವ್ರಿಗೆ ಗೊತ್ತಿಲ್ಲ. ನಾನು ಕೇಳಿದೆ, ಚಿಕ್ಕಪ್ಪ, ಗೋಡೆ ಹತ್ರ ಯಾರೋ ಹೊಸಬರು ಓಡಾಡ್ತಿದ್ರೆ, ರಾತ್ರಿ ಗಾಡಿ ನಿಂತಿದ್ರೆ, ಡ್ರೋನ್ ಹಾರಿಸ್ತಿದ್ರೆ ಯಾರಿಗ್ ಹೇಳ್ತೀಯ ಅಂತ. ಅದಕ್ಕವ್ರು "ಯಾರಿಗೂ ಹೇಳಲ್ಲಪ್ಪ. ಹೇಳಾಕ್ ಹೋದ್ರೆ, ಅಲ್ಲಿ ನಿಂದೇನ್ ಕೆಲ್ಸ ಇತ್ತು ಅಂತ ನನ್ನೇ ಒಳಾಕ್ ಹಾಕ್ತಾರೆ. ಕುರಿ ಯಾರ್ ನೋಡ್ಕೊಂತಾರೆ?" ಅಂದ್ರು.

ಮಾನ್ಯರೇ, ಈ ಮಾತಿಗೆ ನಿಮ್ಮ ಹತ್ರ ಉತ್ತರ ಇದೆಯಾ? ಬೆಳಗಿಂದ ಸಂಜೆ ತನಕ ಆ ಬಯಲಲ್ಲೇ ಇರೋ, ಹೊಸ ಮುಖ ಯಾವ್ದು ಹಳೇ ಮುಖ ಯಾವ್ದು ಅಂತ ದೂರದಿಂದಲೇ ನಡಿಗೆ ನೋಡಿ ಹೇಳೋ ಜನ ಅವ್ರು. ನೀವು ಯಾವ ದೇಶದಿಂದ ತರಿಸೋ ಸೆನ್ಸರ್ರೂ ಅಷ್ಟು ಹೇಳಲ್ಲ. ಅಂಥೋರು ಬಾಯಿ ಬಿಡೋಕೆ ಹೆದರ್ತಾರೆ ಅಂದ್ರೆ ಅದು ಭದ್ರತೆಯ ಲೋಪ ಅಲ್ದೆ ಇನ್ನೇನು.

ಇನ್ನೊಂದು ವಿಷ್ಯ, ಇದು ನನ್ನ ಕಸುಬಿಗೆ ಸಂಬಂಧ ಪಟ್ಟಿದ್ದು ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಎನ್ರಿಚ್‌ಮೆಂಟ್ ಘಟಕ ಅಂದ ತಕ್ಷಣ ಜನ ಚೆರ್ನೋಬಿಲ್ ಅಂತಾರೆ. ಅಲ್ಲ. ಅಲ್ಲಿ ರಿಯಾಕ್ಟರ್ ಇರಲ್ಲ. ಸೆಂಟ್ರಿಫ್ಯೂಜ್ ಅನ್ನೋ ವೇಗವಾಗಿ ತಿರುಗೋ ಯಂತ್ರದಲ್ಲಿ ತಿರುಗಿಸೋದು ಯುರೇನಿಯಂ ಹೆಕ್ಸಾಫ್ಲೋರೈಡ್ ಅನ್ನೋ ಅನಿಲ, ಅದು ಸೋರಿದ್ರೆ ಗಾಳಿಯಲ್ಲಿರೋ ತೇವದ ಜೊತೆ ಸೇರಿ ಹೈಡ್ರೋಜನ್ ಫ್ಲೋರೈಡ್ ಅನ್ನೋ ಆಸಿಡ್ ಹೊಗೆ ಆಗುತ್ತೆ. ಅಂದ್ರೆ ಮೊದಲ ಏಟು ವಿಕಿರಣದ್ದಲ್ಲ, ಕೆಮಿಕಲ್‌ದು, ಶ್ವಾಸಕೋಶಕ್ಕೆ, ಕಣ್ಣಿಗೆ, ಚರ್ಮಕ್ಕೆ. 1986ರ ಜನವರಿಯಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಜಾಸ್ತಿ ತುಂಬಿಸಿದ ಇಂಥದೇ ಒಂದು ಸಿಲಿಂಡರ್ ಸಿಡಿದು ಒಬ್ಬ ಕೆಲಸಗಾರ ಸತ್ತ, ಅವನನ್ನ ಕೊಂದಿದ್ದು ಈ ಆಸಿಡ್ ಹೊಗೆನೇ. ಚರ್ಮಕ್ಕೆ ಬಿದ್ರೆ ನೀರಲ್ಲಿ ತೊಳೆದು ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಬೇಕು, ಇದು ದುಬಾರಿ ವಸ್ತು ಅಲ್ಲ, ಆದ್ರೆ ಗೊತ್ತಿರ್ಬೇಕು, ಕೈಗೆ ಸಿಗ್ಬೇಕು. ನಾನು ವಿಚಾರಿಸಿದ ಆರೋಗ್ಯ ಕೇಂದ್ರದಲ್ಲಿ ಅದರ ಹೆಸರೇ ಕೇಳಿರ್ಲಿಲ್ಲ. ಸೋರಿದ್ದು ಆಕ್ಸಿಡೆಂಟೋ, ಯಾರೋ ಬೇಕಂತ ಮಾಡಿದ್ದೋ ಅಂತ ತನಿಖೆ ಆಮೇಲೆ ನಡೀಲಿ, ಮೊದ್ಲು ಓಡಿ ಬರೋನು ಎರಡಕ್ಕೂ ಒಬ್ಬನೇ, ಅದೇ ಫೈರ್ ಸ್ಟೇಷನ್ ಹುಡುಗ, ಅದೇ 108ರ ಡ್ರೈವರ್. ಅವ್ನು ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ನೋಡಿ ಗಾಡಿ ನಿಲ್ಲಿಸ್ಬೇಕು ಅನ್ನೋದು ಕಲಿಸಿದ್ರೆ ತಾನೇ ಗೊತ್ತಾಗೋದು.

ಇದೆಲ್ಲ ರಹಸ್ಯ, ಹೊರಗೆ ಹೇಳೋಕಾಗಲ್ಲ ಅಂತ ಉತ್ತರ ಬರುತ್ತೆ ಅಂತ ನನಗೊತ್ತು. ಒಳಗೆ ಎಷ್ಟು ಸೆಂಟ್ರಿಫ್ಯೂಜ್ ಇದಾವೆ, ಎಷ್ಟು ಪರ್ಸೆಂಟ್ ಎನ್ರಿಚ್ ಮಾಡ್ತೀರಿ, ಗನ್‌ಮ್ಯಾನ್ ಎಷ್ಟು ಜನ, ಯಾವ ಹೊತ್ತಿಗೆ ಶಿಫ್ಟ್ ಬದಲಾಗುತ್ತೆ, ಇದ್ಯಾವುದನ್ನೂ ನಾವು ಕೇಳ್ತಿಲ್ಲ, ಕೇಳಲೂ ಬಾರದು. ಅಪರಿಚಿತ ಗಾಡಿ ಕಂಡ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ರಹಸ್ಯನಾ? ಹೊಗೆ ಕಂಡ್ರೆ ಕಿಟಕಿ ಬಾಗಿಲು ಹಾಕ್ಕೊಂಡು ಒಳಗಿರ್ಬೇಕಾ, ಓಡ್ಬೇಕಾ ಅನ್ನೋದು ರಹಸ್ಯನಾ? ಕೈಗಾ ಸುತ್ತ 16 ಕಿಲೋಮೀಟರ್ ಒಳಗಿನ ಊರುಗಳಿಗೆ ತುರ್ತು ಯೋಜನೆ ಇದೆ, ಅಣಕು ಕಾರ್ಯಾಚರಣೆ ಮಾಡ್ತಾರೆ, ಪೇಪರ್‌ನಲ್ಲಿ ಫೋಟೋನೂ ಬರುತ್ತೆ, ಅದರಿಂದ ಕೈಗಾದ ಯಾವ ಗುಟ್ಟು ರಟ್ಟಾಯ್ತು? ನಮ್ಮದು ಅಷ್ಟು ದೊಡ್ಡ ಅಪಾಯದ ಘಟಕ ಅಲ್ಲ ಅನ್ನಿ, ಒಪ್ತೀನಿ, ಹಂಗಾದ್ರೆ ಯೋಜನೆನೂ ಚಿಕ್ಕದಿರ್ಲಿ, ಆದ್ರೆ ಇರ್ಲಿ.

ಒಂದು ವಿಚಿತ್ರ ಹೇಳ್ತೀನಿ. ನಾನು ಕೆಲಸ ಮಾಡೋ ಆಸ್ಪತ್ರೆಗೆ ಎಇಆರ್‌ಬಿ, ಅಂದ್ರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು, ಅವ್ರು ಬಂದು ನೋಡ್ತಾರೆ, ಎಷ್ಟು ವಿಕಿರಣ ತಗುಲಿದೆ ಅಂತ ಅಳೆಯೋ ನನ್ನ ಎದೆ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಲೆಕ್ಕ ಬರುತ್ತೆ, ಸೋರ್ಸ್ ಇಟ್ಟ ರೂಮಿನ ಬೀಗದ ಕೈ ಯಾರತ್ರ ಇದೆ ಅಂತ ಬರೆದಿಡ್ಬೇಕು. ಬಾರ್ಕ್‌ನ ಘಟಕಗಳು ಮಾತ್ರ 2000ದಿಂದ ಎಇಆರ್‌ಬಿ ಕೈಕೆಳಗೆ ಬರಲ್ಲ, ಅವ್ರದ್ದೇ ಒಳಗಿನ ಸಮಿತಿ ಇದೆ. ಇರ್ಲಿ, ದೇಶದ ಭದ್ರತೆ ಕಾರಣ ಇರ್ಬಹುದು. ಆದ್ರೆ ಹೊರಗಿನೋರ ಕಣ್ಣು ಬೀಳದ ಜಾಗದಲ್ಲಿ ಹೊರಗಿನೋರಿಗೆ ಕಲಿಸೋ ಜವಾಬ್ದಾರಿ ಜಾಸ್ತಿ ಆಗ್ಬೇಕು ತಾನೇ, ಕಮ್ಮಿ ಅಲ್ವಲ್ಲ. ಅಣು ವಸ್ತುಗಳ ರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ನಾವು 2002ರಲ್ಲಿ ಸೇರಿದ್ವಿ, ಅದರ ತಿದ್ದುಪಡಿಯನ್ನ ಬಹಳ ದೇಶಗಳಿಗಿಂತ ಮುಂಚೆ 2007ರಲ್ಲೇ ಒಪ್ಕೊಂಡ್ವಿ, ಅದು ಜಾರಿಗೆ ಬಂದಿದ್ದೇ 2016ರ ಮೇ ತಿಂಗಳಲ್ಲಿ. ಆ ತಿದ್ದುಪಡಿ ಹೇಳೋದೇನು, ದೇಶದ ಒಳಗಿನ ಘಟಕಗಳನ್ನೂ ಕಳ್ಳತನ, ವಿಧ್ವಂಸಕ ಕೃತ್ಯದಿಂದ ಕಾಪಾಡ್ಬೇಕು, ಏನಾದ್ರೂ ಆದ್ರೆ ಹಾನಿ ಕಮ್ಮಿ ಮಾಡ್ಬೇಕು ಅಂತ. ಹಾನಿ ಕಮ್ಮಿ ಮಾಡೋರು ಯಾರು? ವಿಯೆನ್ನಾದಿಂದ ಯಾರೂ ಬರಲ್ಲ.

ಆಗಲ್ಲ ಅನ್ನೋಕೆ ಕಾರಣನೂ ಇಲ್ಲ. ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರ್ತಾರೆ, ಕುದಾಪುರದಿಂದ ಕೂಗಳತೆ ಅನ್ನೋವಷ್ಟು ಹತ್ರ. ತೇರು ಎಲ್ಲಿ ನಿಲ್ಬೇಕು, ಆಂಬುಲೆನ್ಸ್ ಯಾವ ದಾರಿ, ಹೋಮ್‌ಗಾರ್ಡ್ ಯಾವ ಮೂಲೆ ಅಂತ ಪೊಲೀಸ್, ಕಂದಾಯ, ಬೆಸ್ಕಾಂ, ಆರೋಗ್ಯ ಇಲಾಖೆ ಎಲ್ಲಾ ಕೂತು ಮೀಟಿಂಗ್ ಮಾಡಿ ಹಂಚ್ಕೊಂತಾರೆ, ನಡೆಸಿನೂ ತೋರಿಸ್ತಾರೆ. ಒಟ್ಟಿಗೆ ಕೆಲಸ ಮಾಡೋಕೆ ಬರೋ ಜಿಲ್ಲೆ ಇದು, ಈ ಒಂದು ವಿಷಯ ಯಾರೂ ಹೇಳ್ಕೊಟ್ಟಿಲ್ಲ ಅಷ್ಟೇ.

ಹಂಗಾಗಿ ನಮ್ಮ ಕೋರಿಕೆ ಇದು. ಜಿಸಿನೆಪ್‌ನ ಭದ್ರತಾ ಸ್ಕೂಲಿಗೆ ಬೇರೆ ಬೇರೆ ದೇಶದವ್ರನ್ನ ಕರೆಯೋ ಹಾಗೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಯಿಂದ ಒಬ್ಬ ಸಬ್‌ಇನ್ಸ್‌ಪೆಕ್ಟರ್, ಒಬ್ಬ ಫೈರ್ ಆಫೀಸರ್, ಜಿಲ್ಲಾಸ್ಪತ್ರೆಯ ಒಬ್ಬ ಎಮರ್ಜೆನ್ಸಿ ನರ್ಸ್, ಒಬ್ಬ ಡಾಕ್ಟರ್ ಇಷ್ಟು ಜನರನ್ನ ಕರೆಸಿ, ಕಲಿಯೋಕಷ್ಟೇ ಅಲ್ಲ, ಕಲಿಸೋದು ಹೆಂಗೆ ಅಂತ ಕಲಿಯೋಕೆ. ಅವ್ರು ವಾಪಸ್ ಬಂದು ಇಲ್ಲಿ ಕನ್ನಡದಲ್ಲಿ ಕಲಿಸ್ಲಿ, ವರ್ಷಕ್ಕೆ ಒಂದು ಸಲ ಆದ್ರೂ, ಯಾಕಂದ್ರೆ ವರ್ಗಾವಣೆ ಆಗ್ತಾನೇ ಇರ್ತವೆ. ಜಾಗಕ್ಕೆ ಚಿಂತೆ ಇಲ್ಲ, ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ವರ್ಷಗಳಿಂದ ವಿಜ್ಞಾನದ ಮೇಷ್ಟ್ರುಗಳಿಗೆ ತರಬೇತಿ ನಡೀತಿದೆ, ಅಲ್ಲೇ ನಾಲ್ಕು ದಿನ ಕೊಡ್ಸಿ. ಐಎಇಎ ತಜ್ಞರು, ವಿದೇಶಿ ಅಧಿಕಾರಿಗಳು ಬಹದ್ದೂರ್‌ಗಢಕ್ಕೆ ಬಂದಾಗ ಒಂದು ಬ್ಯಾಚನ್ನ ಈ ಕಡೆನೂ ಕರ್ಕೊಂಡು ಬನ್ನಿ, ಘಟಕದ ಒಳಗೆ ಬೇಡ, ಹೊರಗೆ, ಊರ ಕಡೆ. ಬೇರೆ ದೇಶದಲ್ಲಿ ಘಟಕದ ಪಕ್ಕದ ರೈತರ ಜೊತೆ ಹೆಂಗೆ ಮಾತಾಡ್ತಾರೆ ಅಂತ ಅವ್ರೂ ಹೇಳ್ಲಿ, ನಮ್ಮೋರೂ ಕೇಳ್ಲಿ.

ಕಾವಲಿನ ಗೋಡೆ ಉದ್ದಕ್ಕೂ ಈಗ ಪ್ರವೇಶ ನಿಷೇಧ ಅನ್ನೋ ಬೋರ್ಡ್ ಮಾತ್ರ ಕಾಣುತ್ತೆ, ಅದರ ಕೆಳಗೆ ಒಂದು ಫೋನ್ ನಂಬರ್ ಕೂಡ ಬರೆಸಿ, ಫೋನ್ ಎತ್ತೋರು ಕನ್ನಡ ಮಾತಾಡೋರಿರ್ಲಿ, ಮಾಹಿತಿ ಕೊಟ್ಟೋರನ್ನ ಸ್ಟೇಷನ್‌ಗೆ ಅಲೆಸಲ್ಲ ಅಂತ ಎಸ್‌ಪಿ ಸಾಹೇಬ್ರು ಗ್ರಾಮಸಭೆಗೆ ಬಂದು ಬಾಯಾರೆ ಹೇಳ್ಲಿ. ಆರೋಗ್ಯ ಕೇಂದ್ರಗಳಿಗೆ ಆ ಜೆಲ್ ಮತ್ತೆ ಒಂದು ಪುಟದ ಚಿಕಿತ್ಸಾ ಸೂಚನೆ. ಫೈರ್ ಸ್ಟೇಷನ್‌ಗೆ ಒಂದೊಂದು ಸರ್ವೆ ಮೀಟರ್. ಗುಜರಿ ಅಂಗಡಿಗಳಿಗೆ, ಹೈವೇ 48ರ ಲಾರಿ ಸ್ಟ್ಯಾಂಡುಗಳಿಗೆ ಮೂರು ರೆಕ್ಕೆ ಗುರುತಿನ ಪೋಸ್ಟರ್, ಅದನ್ನ ಪ್ರಿಂಟ್ ಮಾಡ್ಸೋಕೆ ಯಾವ ದೇಶದ ಒಪ್ಪಂದನೂ ಬೇಕಾಗಲ್ಲ.

2016ರಲ್ಲಿ ವಾಷಿಂಗ್ಟನ್‌ನ ಕೊನೇ ಶೃಂಗಸಭೆಯಲ್ಲಿ ಐಎಇಎ ಭದ್ರತಾ ನಿಧಿಗೆ ಇನ್ನೂ ಹತ್ತು ಲಕ್ಷ ಡಾಲರ್ ಕೊಡ್ತೀವಿ ಅಂತ ಭಾರತ ಹೇಳಿತ್ತು, ಅದರ ಬಗ್ಗೆ ನಮಗೆ ತಕರಾರಿಲ್ಲ, ಹೆಮ್ಮೆನೇ. ನಾನು ಮೇಲೆ ಕೇಳಿದ್ದೆಲ್ಲಾ ಸೇರಿಸಿದ್ರೂ ಅದರ ಒಂದು ಮೂಲೆಗೂ ಬರಲ್ಲ ಅನ್ಸುತ್ತೆ, ಲೆಕ್ಕ ನೀವೇ ಹಾಕಿ.

ನಮ್ಮ ಕಡೆಯಿಂದ ಏನ್ ಮಾಡ್ಬಹುದು ಅನ್ನೋದನ್ನೂ ಹೇಳ್ಬೇಕಲ್ಲ. ರೇಡಿಯೋಥೆರಪಿ ವಿಭಾಗದ ನಾವೊಂದಿಷ್ಟು ಜನ, ಇಬ್ಬರು ಮೆಡಿಕಲ್ ಫಿಸಿಸಿಸ್ಟ್‌ಗಳೂ ಸೇರಿ, ಭಾನುವಾರಗಳಲ್ಲಿ ಪೊಲೀಸರಿಗೆ, ಗುಜರಿ ಅಂಗಡಿಯೋರಿಗೆ ಬೇಸಿಕ್ ಪಾಠ ಮಾಡೋಕೆ ರೆಡಿ ಇದೀವಿ, ಸಂಬಳ ಬೇಡ, ಹೋಗಿ ಬರೋ ಖರ್ಚು ಕೂಡ ನಾವೇ ನೋಡ್ಕೊಂತೀವಿ. ನಮಗೆ ಬೇಕಿರೋದು ಜಿಲ್ಲಾಡಳಿತದ ಒಂದು ಆದೇಶ, ಯಾಕಂದ್ರೆ ಆದೇಶ ಇಲ್ದೆ ಕರೆದ್ರೆ ಯಾರೂ ಬರಲ್ಲ, ಮತ್ತೆ ನಿಮ್ಮ ಇಲಾಖೆ ಒಪ್ಪಿದ ಪಾಠದ ಪುಸ್ತಕ, ಯಾಕಂದ್ರೆ ನಾವು ನಾಳೆ ಏನೋ ಹೇಳಿ ಜನರನ್ನ ಹೆದರಿಸಿದ್ವಿ ಅಂತ ಮಾತು ಬರ್ಬಾರ್ದು. ಈ ಎರಡಕ್ಕೆ ತಮ್ಮ ಉತ್ತರ ಕಾಯ್ತೀವಿ. ಉತ್ತರ ನನಗೆ ಬರೋದಕ್ಕಿಂತ ಕಾವಲಿನ ಸುತ್ತಲಿನ ಗ್ರಾಮ ಪಂಚಾಯ್ತಿಗಳಿಗೆ ಬಂದ್ರೆ ಒಳ್ಳೇದು, ನೋಟಿಸ್ ಬೋರ್ಡ್‌ಗೆ ಅಂಟಿಸ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರೇಡಿಯೋಥೆರಪಿ ಟೆಕ್ನಾಲಜಿಸ್ಟ್,
ದಾವಣಗೆರೆ (ಸ್ವಂತ ಊರು ಚಳ್ಳಕೆರೆ ತಾಲೂಕು)